ಬೆಕ್ಕಿನ ಬಾಯಿಗೆ ಬೆಳಕು ಬಿದ್ದದ್ದು ಯಾವಾಗ?

ತೆರಕಣಾಂಬಿ ಸಂತೆಯಲ್ಲಿ ಎತ್ತು ಕೊಳ್ಳಲು ಬಂದವರು ಮೊದಲು ಕೇಳುವುದು ‘ಎಷ್ಟಲ್ಲು?’ ಎಂದು. ಮಾರುವವರು ಹೇಳಿದ್ದನ್ನು ಹಾಗೇ ನಂಬುವ ಪದ್ಧತಿ ಇಲ್ಲ. ಒಂದು ಕೈಯಲ್ಲಿ ಮೂಗುದಾರ ಹಿಡಿದು, ಇನ್ನೊಂದರಲ್ಲಿ ಕೆಳತುಟಿ ಮಡಚಿ, ಮುಂದಿನ ಹಲ್ಲು ಎಣಿಸಿದ ಮೇಲೆಯೇ ರೇಟಿನ ಮಾತು. ಎರಡು ಹಲ್ಲು ಹಾಕಿದ್ದರೆ ಸುಮಾರು ಎರಡು ವರ್ಷ; ಎಂಟೂ ಬಂದು ಬಾಯಿ ಕೂಡಿದ್ದರೆ ನಾಲ್ಕೈದು. ಹರವೆ ಸುತ್ತಿನ ಹಳ್ಳಿಗಳಲ್ಲಿ ಈ ವಿದ್ಯೆ ಕಲಿಯಲು ಯಾರೂ ಕಾಲೇಜಿಗೆ ಹೋಗಬೇಕಾಗಿಲ್ಲ. ಆದರೆ ಅದೇ ಮನೆಯಲ್ಲಿ ರಾಗಿ ಮೂಟೆಗಳ ನಡುವೆ ಇಲಿ ಕಾಯುವ ಬೆಕ್ಕಿಗೆ ಎಷ್ಟು ಹಲ್ಲು ಎಂದು ಕೇಳಿ ನೋಡಿ. ಕೇಳಿದವರನ್ನೇ ಒಂದು ಥರ ನೋಡುತ್ತಾರೆ.

ಮರಿಯಲ್ಲಿ 26, ಬೆಳೆದ ಮೇಲೆ 30. ಪಕ್ಕದ ಬಂಡೀಪುರದ ಹುಲಿಗೂ ಅಷ್ಟೇ, 30. ಹುಲಿಯ ಹಲ್ಲಿನ ಬಗ್ಗೆ ಮಾತ್ರ ನಮಗೆ ಆಸಕ್ತಿ ಜಾಸ್ತಿ. 1907ರಲ್ಲಿ ಹೊಡೆದ ಚಂಪಾವತ್ ನರಭಕ್ಷಕಿಯ ಬಲಭಾಗದ ಕೋರೆಹಲ್ಲುಗಳು ಮುರಿದಿದ್ದವು ಎಂದು ಜಿಮ್ ಕಾರ್ಬೆಟ್ ಬರೆದದ್ದನ್ನು ಕಾಡಂಚಿನವರು ಇವತ್ತಿಗೂ ಹೇಳುವುದುಂಟು. ಮನೆಯ ಬೆಕ್ಕಿನ ಕೋರೆ ಮುರಿದರೆ ಅದು ಯಾರಿಗೂ ಕಥೆಯಲ್ಲ.

ಪ್ರಾಣಿಗಳ ಹಲ್ಲಿನ ಶಾಸ್ತ್ರ ಬೆಳೆದದ್ದೇ ಹೀಗೆ, ಬೆಲೆಯಿರುವ ಪ್ರಾಣಿಯ ಹಿಂದೆ ಹಿಂದೆ. ಕನ್ನಡದಲ್ಲಿ ಹನ್ನೆರಡನೇ ಶತಮಾನದ ಹೊತ್ತಿಗೇ ಚಾಲುಕ್ಯ ಕೀರ್ತಿವರ್ಮನ ‘ಗೋವೈದ್ಯ’ ಇತ್ತು. ಆಮೇಲೆ ಅಭಿನವಚಂದ್ರನ ‘ಅಶ್ವವೈದ್ಯ’ ಬಂತು. ಹಸು ಹೊಲಕ್ಕೆ ಬೇಕು, ಕುದುರೆ ದಂಡಿಗೆ ಬೇಕು. ಬೆಕ್ಕಿಗೆ ವೈದ್ಯ ಬರೆಸುವ ಕಾರಣ ಯಾವ ಅರಸನಿಗೂ ಇರಲಿಲ್ಲ. ಯೂರೋಪಿನದೂ ಅದೇ ಹಾಡು: ಎಡ್ವರ್ಡ್ ಮೇಹ್ಯೂ 1849ರಲ್ಲಿ ಇಡೀ ಪುಸ್ತಕ ಬರೆದದ್ದು ಕುದುರೆಯ ಬಾಯಿಯ ಮೇಲೆ, ಅದೂ ವಯಸ್ಸು ಕಂಡುಹಿಡಿಯುವುದಕ್ಕೆ. 1936ರಲ್ಲಿ ಫ್ರಾಂಕ್ ಕಾಲಿಯರ್ ಎಲ್ಲ ಪ್ರಾಣಿಗಳ ಹಲ್ಲಿನ ರೋಗಗಳನ್ನು ಒಂದೆಡೆ ತಂದಾಗ ಬೆಕ್ಕಿನ ಕುಲಕ್ಕೂ ಜಾಗ ಸಿಕ್ಕಿತು. ಆದರೆ ಅವರು ನೋಡಿದ್ದು ಹೆಚ್ಚಾಗಿ ಮ್ಯೂಸಿಯಮ್ಮಿನ ತಲೆಬುರುಡೆಗಳನ್ನು.

ಬದುಕಿರುವ ಬೆಕ್ಕಿನ ಬಾಯಿ ನೋಡುವುದಕ್ಕೆ ಎರಡು ವಸ್ತು ಬೇಕಿತ್ತು: ಸುರಕ್ಷಿತವಾದ ಅರಿವಳಿಕೆ, ಬಾಯೊಳಗೆ ಹಿಡಿಯುವಷ್ಟು ಸಣ್ಣ ಎಕ್ಸ್‌ರೇ. ಇವೆರಡೂ ಪಶುವೈದ್ಯರ ಕೈಗೆ ಬಂದ ಮೇಲೆಯೇ ಬೆಕ್ಕಿನ ದಂತವೈದ್ಯ ನಿಜಕ್ಕೂ ಶುರುವಾಯಿತು. ಅಮೆರಿಕದಲ್ಲಿ ಪಶು ದಂತವೈದ್ಯರ ಸಂಘ ಹುಟ್ಟಿದ್ದು 1976ರಲ್ಲಿ, ತಜ್ಞರಿಗೆ ಪರೀಕ್ಷೆ ನಡೆಸುವ ಮಂಡಳಿ 1988ರಲ್ಲಿ. ನಮ್ಮ ಹೆಬ್ಬಾಳದ ಪಶುವೈದ್ಯ ಕಾಲೇಜು 1958ರದ್ದು, ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ 2004ರದ್ದು. ಇಲ್ಲಿನ ಪಶುವೈದ್ಯಕ್ಕೆ ಮೊದಲಿನಿಂದ ಹಸು, ಎಮ್ಮೆ, ಕುರಿಯದೇ ಕೆಲಸ ಹೊಟ್ಟೆ ತುಂಬುವಷ್ಟಿತ್ತು. ಅದು ತಪ್ಪೂ ಅಲ್ಲ. ಕಾಲುಬಾಯಿ ಜ್ವರ ಬಂದ ಊರಲ್ಲಿ ಬೆಕ್ಕಿನ ಒಸಡಿನ ಮಾತು ಯಾರು ಕೇಳುತ್ತಾರೆ?

ಎಕ್ಸ್‌ರೇ ಬಂದಾಗ ವೈದ್ಯರಿಗೇ ಆಶ್ಚರ್ಯ ಕಾದಿತ್ತು. ಬೆಕ್ಕಿನ ಹಲ್ಲಿನ ಬುಡದಲ್ಲಿ, ಒಸಡಿಗೆ ತಾಗಿದಂತೆ, ಗುಂಡಿ ಬೀಳುವುದು ಮೊದಲೇ ಕಂಡಿತ್ತು. ಮನುಷ್ಯರ ಹುಳುಕಿನಂತೆ ಇದೆಂದು ತಿಳಿದು, 1980ರ ದಶಕದಲ್ಲಿ ಸಿಮೆಂಟ್ ತುಂಬಿದರು. ತುಂಬಿದ್ದು ಉಳಿಯಲಿಲ್ಲ. ಏಕೆಂದರೆ ಅದು ಹುಳುಕೇ ಅಲ್ಲ. ಹಾಲುಹಲ್ಲು ಬೀಳುವಾಗ ಅದರ ಬೇರನ್ನು ಕರಗಿಸುವಂಥ ಜೀವಕೋಶಗಳೇ ಕಾಯಂ ಹಲ್ಲನ್ನೂ ಬೇರಿನ ಹೊರಮೈಯಿಂದ ತಿನ್ನತೊಡಗುತ್ತವೆ. ಮೇಲಿನ ಹಲ್ಲು ಚೆನ್ನಾಗಿಯೇ ಕಾಣುತ್ತಿದ್ದು, ಬೇರು ಅರ್ಧ ಕರಗಿರುವುದುಂಟು. ಬೇರೆ ಬೇರೆ ಸಮೀಕ್ಷೆಗಳಲ್ಲಿ ನೂರಕ್ಕೆ ಸುಮಾರು 25ರಿಂದ 75 ಬೆಕ್ಕುಗಳಲ್ಲಿ ಇದು ಸಿಕ್ಕಿದೆ, ವಯಸ್ಸಾದಷ್ಟೂ ಹೆಚ್ಚು. ಕಾರಣ ಇಂದಿಗೂ ಖಚಿತವಾಗಿಲ್ಲ. ಈಗ ಯಾರೂ ತುಂಬುವುದಿಲ್ಲ, ಹಲ್ಲನ್ನೇ ಕೀಳುತ್ತಾರೆ. ಬೇರು ಮೂಳೆಯೊಂದಿಗೆ ಬೆರೆತುಹೋಗಿದ್ದರೆ ಮೇಲ್ಭಾಗ ಮಾತ್ರ ಕತ್ತರಿಸಿ ಒಸಡು ಹೊಲಿಯುವ ವಿಧಾನವೂ 1990ರ ದಶಕದಿಂದ ಬಳಕೆಯಲ್ಲಿದೆ. ಎರಡರಲ್ಲಿ ಯಾವುದು ಎಂದು ಹೇಳಬೇಕಾದದ್ದು ಎಕ್ಸ್‌ರೇ.

ಇನ್ನೊಂದು ಕಾಯಿಲೆ ಬಾಯಿಯಿಡೀ ಕೆಂಪಗೆ ಹುಣ್ಣಾಗುವುದು. ಇದರ ಹಿಂದೆ ಕ್ಯಾಲಿಸಿ ವೈರಸ್ಸಿನ ಕೈವಾಡ ಕಾಣುತ್ತದೆ. ಹಸಿದು ಬಂದ ಬೆಕ್ಕು ತಟ್ಟೆಗೆ ಬಾಯಿ ಹಾಕಿ, ನೋವಿಗೆ ಚೀರಿ, ತಟ್ಟೆಯೇ ಕಚ್ಚಿತೆಂಬಂತೆ ಓಡಿಹೋಗುತ್ತದೆ. ಇದಕ್ಕೆ ಹಿಂದಿನ ದವಡೆಹಲ್ಲುಗಳನ್ನೆಲ್ಲ, ಕೆಲವೊಮ್ಮೆ ಎಲ್ಲ ಹಲ್ಲುಗಳನ್ನೂ ತೆಗೆಯುವುದೇ ಸದ್ಯದ ಮುಖ್ಯ ಚಿಕಿತ್ಸೆ. ಕೇಳಲು ಕ್ರೂರ. ಆದರೆ 2015ರಲ್ಲಿ ಪ್ರಕಟವಾದ, 95 ಬೆಕ್ಕುಗಳ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಚೆನ್ನಾಗಿ ಚೇತರಿಸಿಕೊಂಡವು. ಹಲ್ಲಿಲ್ಲದ ಬೆಕ್ಕು ಮೆತ್ತಗಿನ ಅನ್ನ ಮೀನು ತಿಂದು ಸುಖವಾಗಿರುತ್ತದೆ. ಇಲಿ ಹಿಡಿಯುವ ಕೆಲಸಕ್ಕೆ ಮಾತ್ರ ನಿವೃತ್ತಿ ಕೊಡಬೇಕಾದೀತು.

‘ಇಲಿ ತಿನ್ನೋ ಬೆಕ್ಕಿಗೆ ಹಲ್ಲುಜ್ಜೋದೇನು, ಮೂಳೆಯೇ ಉಜ್ಜುತ್ತೆ’ ಎನ್ನುವವರು ಇಲ್ಲೂ ಇದ್ದಾರೆ, ಅಮೆರಿಕದಲ್ಲೂ ಇದ್ದಾರೆ. ಇದಕ್ಕೆ ಉತ್ತರ ಸಿಕ್ಕಿದ್ದು ದಕ್ಷಿಣ ಆಫ್ರಿಕದ ಕೆಳಗಿನ ಮರಿಯನ್ ದ್ವೀಪದಲ್ಲಿ. 1949ರಲ್ಲಿ ಇಲಿ ಹಿಡಿಯಲೆಂದು ತಂದ ಐದು ಬೆಕ್ಕುಗಳು ಅಲ್ಲಿ ಸಾವಿರಗಟ್ಟಲೆಯಾಗಿ ಕಡಲಹಕ್ಕಿಗಳನ್ನು ತಿನ್ನತೊಡಗಿದವು. 1991ರ ಹೊತ್ತಿಗೆ ಅವುಗಳನ್ನು ಪೂರಾ ನಿರ್ಮೂಲ ಮಾಡಿದರು. ಆ ಬೆಕ್ಕುಗಳ ಮುನ್ನೂರಕ್ಕೂ ಹೆಚ್ಚು ತಲೆಬುರುಡೆಗಳ ಅಧ್ಯಯನ 1996ರಲ್ಲಿ ಬಂತು. ಹಲ್ಲಿಗೆ ಕಟ್ಟುವ ಗಟ್ಟಿ ಪಾಚಿ ಅವಕ್ಕೆ ಕಮ್ಮಿ ಇತ್ತು, ನಿಜ. ಆದರೆ ಅರ್ಧಕ್ಕಿಂತ ಹೆಚ್ಚಿನವಕ್ಕೆ ಹಲ್ಲಿನ ಸುತ್ತಲ ಮೂಳೆ ಸವೆದಿತ್ತು. ಹಲ್ಲು ಬೆಳ್ಳಗಿದ್ದ ಮಾತ್ರಕ್ಕೆ ಒಸಡು ನೆಟ್ಟಗಿದೆ ಎನ್ನುವಂತಿಲ್ಲ.

ಹಾಗಾಗಿ ಬ್ರಷ್. 1997ರಲ್ಲಿ ಅಮೆರಿಕದಲ್ಲಿ ಪ್ರಾಣಿಗಳ ಹಲ್ಲಿನ ತಿನಿಸು, ಪೇಸ್ಟುಗಳನ್ನು ಪರೀಕ್ಷಿಸಿ ಮುದ್ರೆ ಕೊಡುವ ಮಂಡಳಿ ಶುರುವಾಯಿತು. ಅದರ ಮುದ್ರೆಯಿರುವ ಪದಾರ್ಥ ಬೆಂಗಳೂರು, ಮೈಸೂರಿನಿಂದ ತರಿಸಬಹುದು, ತರಿಸಲೇಬೇಕೆಂದೇನಿಲ್ಲ. ಬೆರಳಿಗೆ ಒದ್ದೆ ಹತ್ತಿಬಟ್ಟೆ ಸುತ್ತಿಕೊಂಡರೂ ಆಯಿತು. ಬೆಕ್ಕಿನ ಬಾಯಿ ಅಗಲಿಸಬಾರದು. ತೊಡೆಯ ಮೇಲೆ ಕೂರಿಸಿ, ಹಿಂದಿನಿಂದ ತಲೆ ಹಿಡಿದು, ಕೆನ್ನೆಯ ತುಟಿಯನ್ನು ಮೇಲಕ್ಕೆ ಸರಿಸಿದರೆ ಮೇಲ್ದವಡೆಯ ದೊಡ್ಡ ಹಲ್ಲು ಕಾಣುತ್ತದೆ. ಜೊಲ್ಲಿನ ನಾಳ ಬಾಯಿಗೆ ತೆರೆಯುವುದು ಅಲ್ಲೇ ಹತ್ತಿರ, ಪಾಚಿ ಮೊದಲು ಕಟ್ಟುವುದೂ ಅಲ್ಲೇ. ಹೊರಬದಿ ಮಾತ್ರ ಉಜ್ಜಿದರೆ ಸಾಕು. ಮೆತ್ತಗಿನ ಪಾಚಿ ಎರಡು ಮೂರು ದಿನಕ್ಕೇ ಗಟ್ಟಿಯಾಗತೊಡಗುವುದರಿಂದ ದಿನಾ ಉಜ್ಜಿದರೆ ಒಳ್ಳೆಯದು. ಮರಿಯಿದ್ದಾಗಲೇ ಅಭ್ಯಾಸ ಮಾಡಿಸದೆ, ಐದು ವರ್ಷದ ಗಡವ ಬೆಕ್ಕಿಗೆ ಬ್ರಷ್ ಹಿಡಿದು ಹೋದವರ ಕೈ ಉಳಿಯುವುದು ಕಷ್ಟ. ಒಸಡು ಆಗಲೇ ಕೆಂಪಾಗಿದ್ದರೆ ಉಜ್ಜುವುದು ಬೇಡ, ನೋವಾಗುತ್ತದೆ. ಮೊದಲು ಡಾಕ್ಟರಿಗೆ ತೋರಿಸಬೇಕು.

ನನ್ನ ಮಟ್ಟಿಗೆ ನಮ್ಮ ಕಡೆ ಬ್ರಷ್‌ಗಿಂತ ಮೊದಲು ಮುಟ್ಟಬೇಕಾದ ಸುದ್ದಿ ಬೇರೆಯದು. ಜೊಲ್ಲು ಸುರಿಸುತ್ತ ಊಟ ಬಿಟ್ಟ ಬೆಕ್ಕಿಗೆ ಜ್ವರದ ಮಾತ್ರೆ ಅರೆದು ಹಾಲಲ್ಲಿ ಹಾಕಬೇಡಿ. ಪ್ಯಾರಸಿಟಮಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ. 500 ಮಿಲಿಗ್ರಾಂನ ಒಂದೇ ಮಾತ್ರೆ ಸಾಕು ಕೊಲ್ಲಲು. ಒಸಡು ಕಂದುಬಣ್ಣಕ್ಕೆ ತಿರುಗಿ, ಮುಖ, ಪಾದ ಊದಿಕೊಳ್ಳುತ್ತವೆ. ಹಲ್ಲುನೋವಿಗೆ ನಾವಿಡುವ ಲವಂಗದೆಣ್ಣೆಯೂ ಅದಕ್ಕೆ ಆಗದು. ನಮ್ಮ ಪೇಸ್ಟೂ ಬೇಡ: ಬೆಕ್ಕಿಗೆ ಉಗುಳಲು ಬರುವುದಿಲ್ಲ, ಅದರಲ್ಲಿನ ಫ್ಲೋರೈಡ್ ಹೊಟ್ಟೆಗೇ ಹೋಗುತ್ತದೆ.

ನಗರಗಳಲ್ಲಿ ಈಗ ಅರಿವಳಿಕೆಯಿಲ್ಲದೆ ಹಲ್ಲು ಕ್ಲೀನ್ ಮಾಡಿಕೊಡುವವರೂ ಹುಟ್ಟಿಕೊಂಡಿದ್ದಾರೆ. ಪ್ರಪಂಚದ ಪಶುವೈದ್ಯ ಸಂಘಟನೆಗಳು ಇದನ್ನು ಒಪ್ಪುವುದಿಲ್ಲ. ಎಚ್ಚರವಿರುವ ಬೆಕ್ಕಿನ ಒಸಡಿನ ಕೆಳಗೆ ಉಪಕರಣ ಹೋಗುವುದಿಲ್ಲ, ರೋಗ ಇರುವುದು ಅಲ್ಲೇ. ಅರಿವಳಿಕೆ ಎಂದರೆ ಖರ್ಚು, ದೂರ, ಭಯ ಮೂರೂ ಹೌದು. ಆದರೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹೇಗೂ ಒಮ್ಮೆ ಕೊಡಿಸುತ್ತೇವಲ್ಲ. ಸುಮಾರು ಆರು ತಿಂಗಳಿಗೆ, ಕಾಯಂ ಹಲ್ಲು ಬಂದು ಮುಗಿಯುವ ಹೊತ್ತಿಗೇ ಅದನ್ನು ಮಾಡಿಸಿದರೆ, ಬೀಳದೆ ಉಳಿದ ಹಾಲುಹಲ್ಲೇನಾದರೂ ಇದ್ದರೆ ಅದನ್ನೂ ಅದೇ ನಿದ್ದೆಯಲ್ಲಿ ಕೀಳಿಸಿಕೊಂಡು ಬರಬಹುದು. ಡಾಕ್ಟರಿಗೆ ಮುಂಚೆಯೇ ಒಂದು ಮಾತು ಹೇಳಿರಬೇಕು, ಅಷ್ಟೇ.