ಬಾಳೆಯೂ ಬಾಲೆಯೂ: ಕಿವಿಯ ಮೊದಲ ವರ್ಷದ ಚರಿತ್ರೆ

ದೆಹಲಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಮಗು ‘ಬಾಳೆಹಣ್ಣು’ ಎನ್ನಬೇಕಾದಲ್ಲಿ ‘ಬಾಲೆಹಣ್ಣು’ ಎಂದಾಗ ನಾವು ನಗುತ್ತೇವೆ. ನಕ್ಕ ಮೇಲೆ ತಿದ್ದುತ್ತೇವೆ. ಮಗು ಮತ್ತೆ ‘ಬಾಲೆ’ ಎಂದೇ ಹೇಳಿ, ನಾವೇಕೆ ಒಪ್ಪುತ್ತಿಲ್ಲವೆಂದು ನಮ್ಮ ಮುಖ ನೋಡುತ್ತದೆ. ತನ್ನ ಮಟ್ಟಿಗೆ ಅದು ನಾವು ಹೇಳಿಕೊಟ್ಟದ್ದನ್ನೇ ಹೇಳಿದೆ. ‘ನಾಲಗೆ ಹೊರಳುವುದಿಲ್ಲ’ ಎಂದು ನಾವು ನಾಲಗೆಯನ್ನು ದೂರುತ್ತೇವೆ. ಆದರೆ ಲೋಪ ನಾಲಗೆಯದೋ ಕಿವಿಯದೋ? ಈ ಪ್ರಶ್ನೆಯ ಹಿಂದೆ ಒಂದು ಚರಿತ್ರೆಯಿದೆ. ಅದರ ಮುಖ್ಯ ಅಧ್ಯಾಯವನ್ನು ಬರೆದವರು ದೂರದ ಕೆನಡಾದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ.

ನಮ್ಮ ದೇಶದಲ್ಲಿ ಧ್ವನಿವಿಚಾರ ಬಹು ಪ್ರಾಚೀನವಾದದ್ದು. ಪ್ರಾತಿಶಾಖ್ಯಗಳೂ ಶಿಕ್ಷಾಗ್ರಂಥಗಳೂ ಕಂಠ, ತಾಲು, ಮೂರ್ಧ, ದಂತ, ಓಷ್ಠಗಳೆಂದು ಉಚ್ಚಾರಣೆಯ ಸ್ಥಾನಗಳನ್ನು ಗುರುತಿಸಿದವು. ಇಂದಿಗೂ ಮಕ್ಕಳು ಬಾಯಿಪಾಠ ಮಾಡುವ ಕ, ಚ, ಟ, ತ, ಪ ವರ್ಗಗಳ ಕ್ರಮವು ಗಂಟಲಿನಿಂದ ತುಟಿಯವರೆಗಿನ ಆ ಪ್ರಯಾಣವೇ ಆಗಿದೆ. ಆದರೆ ಇದು ಮುಖ್ಯವಾಗಿ ಬಾಯಿಯ ಶಾಸ್ತ್ರ. ಆಡಿದ ಧ್ವನಿ ಕೇಳುವವನ ಒಳಗೆ ಹೇಗೆ ಅಕ್ಷರವಾಗುತ್ತದೆ ಎಂಬ ಕಿವಿಯ ಶಾಸ್ತ್ರವು ಬೆಳೆಯಲು, ಮಾತಿನ ಧ್ವನಿಯನ್ನು ಬೇಕಾದಂತೆ ತಯಾರಿಸಬಲ್ಲ ಯಂತ್ರ ಬರುವವರೆಗೆ ಕಾಯಬೇಕಾಯಿತು.

ಆ ಯಂತ್ರ ಬಂದದ್ದು ಬೇರೆಯೇ ಉದ್ದೇಶದ ಬೆನ್ನಿಗೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಓದುವ ಯಂತ್ರವೊಂದನ್ನು ರಚಿಸಲು ನ್ಯೂಯಾರ್ಕಿನ ಹ್ಯಾಸ್ಕಿನ್ಸ್ ಪ್ರಯೋಗಾಲಯ ಹೊರಟಿತ್ತು. ಒಂದೊಂದು ಅಕ್ಷರಕ್ಕೆ ಒಂದೊಂದು ಸದ್ದನ್ನು ಗೊತ್ತುಪಡಿಸಿದರೆ ಸಾಕೆಂಬ ಎಣಿಕೆ ಫಲಿಸಲಿಲ್ಲ; ಅಂಥ ಸದ್ದುಗಳನ್ನು ಮಾತಿನ ವೇಗದಲ್ಲಿ ಕಿವಿ ಹಿಡಿಯಲಾರದೆ ಹೋಯಿತು. ಹಾಗಾದರೆ ಮಾತನ್ನು ಅದು ಹಿಡಿಯುವುದಾದರೂ ಹೇಗೆ? ಫ್ರಾಂಕ್ಲಿನ್ ಕೂಪರ್ ರಚಿಸಿದ ಯಂತ್ರವು ಧ್ವನಿಯ ಚಿತ್ರವನ್ನು ಮತ್ತೆ ಧ್ವನಿಯಾಗಿ ನುಡಿಸುತ್ತಿತ್ತು. ಅದರ ನೆರವಿನಿಂದ ಆಲ್ವಿನ್ ಲಿಬರ್‌ಮನ್ ಮತ್ತು ಅವರ ಸಂಗಡಿಗರು ‘ಬ’ದಿಂದ ‘ಡ’ವನ್ನು ಹಾಯ್ದು ‘ಗ’ದವರೆಗೆ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬದಲಾಗುವ ಧ್ವನಿಗಳ ಸಾಲನ್ನು ಸಿದ್ಧಪಡಿಸಿದರು. 1957ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿತ್ತು: ಕೇಳುಗರಿಗೆ ಹೆಜ್ಜೆಗಳು ಕೇಳಿಸಲಿಲ್ಲ, ಗಡಿಗಳು ಮಾತ್ರ ಕೇಳಿಸಿದವು. ಒಂದು ಹಂತದವರೆಗೆ ಎಲ್ಲವೂ ‘ಬ’. ಅದನ್ನು ದಾಟಿದೊಡನೆ ಎಲ್ಲವೂ ‘ಡ’.

ಈ ಗಡಿಗಳನ್ನು ಎಳೆದವರು ಯಾರು? ಭಾಷೆಯನ್ನು ಕಲಿತು ಎಳೆದುಕೊಂಡದ್ದೇ ಅಥವಾ ಹುಟ್ಟಿನಿಂದ ಬಂದದ್ದೇ? 1971ರಲ್ಲಿ ಪೀಟರ್ ಐಮಾಸ್ ಮತ್ತು ಸಹೋದ್ಯೋಗಿಗಳು ಒಂದು ತಿಂಗಳ ಹಾಗೂ ನಾಲ್ಕು ತಿಂಗಳ ಶಿಶುಗಳು ‘ಬ’ ಮತ್ತು ‘ಪ’ಗಳ ಭೇದವನ್ನು ಗುರುತಿಸುತ್ತವೆಯೆಂದು ತೋರಿಸಿದರು. ಶಿಶು ಚೀಪುವ ವೇಗವೇ ಅವರ ಅಳತೆಗೋಲು. ಒಂದೇ ಧ್ವನಿಯನ್ನು ಕೇಳಿ ಕೇಳಿ ಬೇಸತ್ತು ಚೀಪುವುದನ್ನು ನಿಧಾನಿಸಿದ ಕೂಸು, ಗಡಿಯಾಚೆಯ ಧ್ವನಿ ಬಂದೊಡನೆ ಮತ್ತೆ ಚುರುಕಾಗಿ ಚೀಪುತ್ತಿತ್ತು.

ಆಗ ಎದುರಾದದ್ದು ಇನ್ನೊಂದು ಒಗಟು. ಮಾತೇ ಬಾರದ ಶಿಶು ಇಷ್ಟೆಲ್ಲ ಕೇಳಬಲ್ಲುದಾದರೆ, ಪರಭಾಷೆಯ ಭೇದಗಳು ದೊಡ್ಡವರಿಗೆ ಏಕೆ ಕೇಳಿಸುವುದಿಲ್ಲ? ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಜಾನೆಟ್ ವರ್ಕರ್ ಇದನ್ನೇ ಕೈಗೆತ್ತಿಕೊಂಡರು. ಅವರು ಆರಿಸಿದ್ದು ನಮಗೆ ಬಹಳ ಹತ್ತಿರದ ಧ್ವನಿಗಳನ್ನು: ಹಿಂದಿಯ ದಂತ್ಯ ‘ತ’ ಮತ್ತು ಮೂರ್ಧನ್ಯ ‘ಟ’. ತಾಯಿಯ ತೊಡೆಯ ಮೇಲೆ ಕುಳಿತ ಮಗು ಧ್ವನಿ ಬದಲಾದಾಗ ತಲೆ ತಿರುಗಿಸಿದರೆ, ಪಕ್ಕದ ಕಪ್ಪು ಪೆಟ್ಟಿಗೆಯೊಳಗೆ ದೀಪ ಹೊತ್ತಿ ಆಟಿಕೆಯ ಪ್ರಾಣಿ ಕುಣಿಯುತ್ತಿತ್ತು. 1981ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಏಳು ತಿಂಗಳ ಶಿಶುಗಳು ಹಿಂದಿ ಭಾಷಿಕ ವಯಸ್ಕರಂತೆಯೇ ಈ ಭೇದವನ್ನು ಹಿಡಿದವು. ಅವುಗಳ ಹಿರಿಯರಾದ ಇಂಗ್ಲಿಷ್ ಭಾಷಿಕರಿಗೆ ಅಲ್ಪಕಾಲದ ಅಭ್ಯಾಸ ಕೊಟ್ಟ ಮೇಲೂ ಅದು ದಕ್ಕಲಿಲ್ಲ.

ಈ ಬದಲಾವಣೆ ನಡೆಯುವುದು ಯಾವಾಗ? ಹದಿಹರೆಯದ ಹೊತ್ತಿಗೆ ಎಂಬ ಊಹೆಯಿತ್ತು. ಹನ್ನೆರಡು, ಎಂಟು, ನಾಲ್ಕು ವರ್ಷಗಳ ಮಕ್ಕಳನ್ನು ಪರೀಕ್ಷಿಸಿದರೆ ಅವರೂ ದೊಡ್ಡವರಂತೆಯೇ ಸೋತರು. ವರ್ಕರ್ ಮತ್ತು ಅವರ ಮಾರ್ಗದರ್ಶಕ ರಿಚರ್ಡ್ ಟೀಸ್ ಇನ್ನೂ ಹಿಂದಕ್ಕೆ ಸರಿದರು. 1984ರ ಅವರ ಪ್ರಬಂಧ ಉತ್ತರವನ್ನು ಕೊಟ್ಟಿತು: ಆರರಿಂದ ಎಂಟು ತಿಂಗಳಲ್ಲಿ ಬಹುಪಾಲು ಶಿಶುಗಳಿಗೆ ಕೇಳಿಸುತ್ತಿದ್ದ ಪರಭಾಷೆಯ ಭೇದ, ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚುಕಡಿಮೆ ಮರೆಯಾಗಿತ್ತು. ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳ ನುಡಿಯೊಂದರ ಗಂಟಲ ಧ್ವನಿಗಳಲ್ಲಿಯೂ ಇದೇ ಕತೆ. ಆದರೆ ಆ ನುಡಿಯ ಅಥವಾ ಹಿಂದಿಯ ಮನೆಗಳಲ್ಲಿ ಬೆಳೆಯುತ್ತಿದ್ದ ಮಕ್ಕಳು ತಂತಮ್ಮ ಧ್ವನಿಗಳನ್ನು ವರ್ಷ ತುಂಬುವ ಹೊತ್ತಿಗೂ ಉಳಿಸಿಕೊಂಡಿದ್ದರು.

ಇದನ್ನು ನಷ್ಟವೆಂದು ಕರೆಯುವುದು ಪೂರ್ಣ ಸತ್ಯವಲ್ಲ. ಎರಡು ಧ್ವನಿಗಳನ್ನು ಬಹಳ ಕಡಿಮೆ ಅಂತರದಲ್ಲಿ ಕೇಳಿಸಿದರೆ ವಯಸ್ಕರೂ ಭೇದವನ್ನು ಗುರುತಿಸಬಲ್ಲರೆಂದು ವರ್ಕರ್ ಅವರ ಮುಂದಿನ ಕೆಲಸವೇ ತೋರಿಸಿತು. ಕಿವಿ ಕಿವುಡಾಗಿಲ್ಲ, ತನ್ನ ಸುತ್ತಲಿನವರ ಮಾತಿನಲ್ಲಿ ಅರ್ಥಕ್ಕೆ ಬೇಕಾದ ಭೇದಗಳಿಗೆ ಮಾತ್ರ ಗಮನ ಕೊಡುವುದನ್ನು ಅದು ಕಲಿತಿದೆ. ಹಿಂದಿ ಕಲಿಯಲು ಬಂದ ಇಂಗ್ಲಿಷ್ ಭಾಷಿಕರಲ್ಲಿ, ಶೈಶವದಲ್ಲಿ ಆ ಭಾಷೆ ಕಿವಿಗೆ ಬಿದ್ದಿದ್ದವರು ಇತರರಿಗಿಂತ ಸುಲಭವಾಗಿ ಈ ಭೇದವನ್ನು ಹಿಡಿದರೆಂಬುದೂ 1984ರಲ್ಲಿಯೇ ತಿಳಿದುಬಂತು. 2003ರಲ್ಲಿ ಪ್ಯಾಟ್ರಿಷಿಯಾ ಕೂಲ್ ಮತ್ತು ಸಂಗಡಿಗರು ಇನ್ನೊಂದು ಮಾತನ್ನು ಸೇರಿಸಿದರು. ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳೊಡನೆ ಚೀನೀ ಭಾಷಿಕರು ಹನ್ನೆರಡು ಬಾರಿ ಎದುರಿಗೆ ಕುಳಿತು ಆಡಿ, ಓದಿ ಹೇಳಿದಾಗ ಆ ಮಕ್ಕಳು ಚೀನೀ ಧ್ವನಿಭೇದವನ್ನು ಹಿಡಿದವು. ಅದೇ ಜನರ ಅದೇ ಮಾತನ್ನು ಪರದೆಯ ಮೇಲೆ ತೋರಿಸಿದಾಗ ಅಥವಾ ಮುದ್ರಿಸಿ ಕೇಳಿಸಿದಾಗ ಏನೂ ಹತ್ತಲಿಲ್ಲ.

ಒಂದು ಮಗುವಿಗೆ ಒಂದು ವರ್ಷದಲ್ಲಿ ಆಗುವುದು ಒಂದು ಭಾಷೆಗೆ ಶತಮಾನಗಳಲ್ಲಿ ಆಗಬಹುದು. ಹಳಗನ್ನಡದಲ್ಲಿ ಈ ಹಣ್ಣು ‘ಬಾಳೆ’ಯಾಗಿರಲಿಲ್ಲ, ‘ಬಾೞೆ’ಯಾಗಿತ್ತು, ‘ಮಳೆ’ಯು ‘ಮೞೆ’ಯಾಗಿತ್ತು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳನ್ನು ಬೇರ್ಪಡಿಸಿ, ರಳವಿರುವ ಪದಗಳನ್ನು ಪಟ್ಟಿ ಮಾಡಿಕೊಟ್ಟನು. ಎಲ್ಲರ ಕಿವಿಗೂ ಸಹಜವಾಗಿ ಕೇಳಿಸುವ ಭೇದಕ್ಕೆ ಪಟ್ಟಿ ಬೇಕಾಗುವುದಿಲ್ಲ. ಪಟ್ಟಿ ಗ್ರಂಥದಲ್ಲಿ ಉಳಿಯಿತು, ಧ್ವನಿ ಬಳಕೆಯಿಂದ ಹೋಯಿತು. ಇಂದು ‘ಬಾಲೆ’ ಎನ್ನುವ ಮಗುವನ್ನು ತಿದ್ದುವ ನಮ್ಮ ‘ಬಾಳೆ’ಯನ್ನು ಆ ವೈಯಾಕರಣನೂ ತಿದ್ದುತ್ತಿದ್ದನೇನೋ.

ಊರು ಬಿಟ್ಟು ನೆಲೆಸಿದ ನಮ್ಮೆಲ್ಲರ ಸ್ಥಿತಿ ಈ ದೃಷ್ಟಿಯಿಂದ ಒಂದೇ ಅಲ್ಲ. ಮುಂಬಯಿ, ಪುಣೆಗಳ ಮಕ್ಕಳಿಗೆ ಬೀದಿಯ ಮರಾಠಿಯೂ, ಹೈದರಾಬಾದಿನವರಿಗೆ ತೆಲುಗೂ ‘ಳ’ಕಾರವನ್ನು ಕೇಳಿಸುತ್ತವೆ. ಚೆನ್ನೈಯವರಿಗೆ ‘ಳ’ದ ಜೊತೆಗೆ, ನಾವು ಕಳೆದುಕೊಂಡ ‘ೞ’ವೂ ತಮಿಳಿನ ‘ವಾೞೈ’ಯಲ್ಲಿ ಸಿಗುತ್ತದೆ. ದೆಹಲಿಯ ಹಿಂದಿಯಲ್ಲಿ ಮಾತ್ರ ‘ಳ’ವಿಲ್ಲ, ಅಲ್ಲಿ ಅದರ ಹೊಣೆ ಪೂರ್ತಿಯಾಗಿ ಮನೆಯದು. ಅಕ್ಷರಮಾಲೆಯ ಪುಸ್ತಕವನ್ನು ನಾವು ಮಗುವಿನ ಐದನೆಯ ವರ್ಷದಲ್ಲಿ ತರಿಸುತ್ತೇವೆ. ಕಿವಿಯ ಮೊದಲ ಪಾಠ ಅಷ್ಟರಲ್ಲಿ ಮುಗಿದು ನಾಲ್ಕು ವರ್ಷಗಳಾಗಿರುತ್ತವೆ. ಆ ಪಾಠಕ್ಕೆ ಪುಸ್ತಕ ಬೇಡ. ಇನ್ನೂ ಮಾತು ಬಾರದ ಕೂಸಿನೆದುರು ಕುಳಿತು, ಹಣ್ಣು ಸುಲಿಯುತ್ತ, ‘ಬಾಳೆಹಣ್ಣು, ಬಾಳೆಹಣ್ಣು’ ಎಂದು ಹೇಳುವ ಒಬ್ಬರು ಬೇಕು.