ಒಪ್ಪಿಗೆ ಪತ್ರದ ಹಿಂದೊಂದು ಸೊಳ್ಳೆಯ ಕಥೆ

ಹೊಸ ಆಪ್ ಹಾಕಿಕೊಂಡಾಗ 'ಐ ಅಗ್ರೀ' ಅಂತ ಒತ್ತುವ ಮುಂಚೆ ಅದರ ಮೇಲೆ ಬರೆದಿರೋದನ್ನ ನಮ್ಮಲ್ಲಿ ಎಷ್ಟು ಜನ ಓದ್ತೀವಿ? ಅಂಥ ಪರದೆಗಳನ್ನು ಕಟ್ಟುವ ಕೆಲಸದಲ್ಲೇ ಇರುವ ನನಗೆ ಒಂದು ಹಳೇ ಒಪ್ಪಿಗೆ ಪತ್ರ ಆಗಾಗ ನೆನಪಾಗುತ್ತದೆ.

1900ನೇ ಇಸವಿ, ಕ್ಯೂಬಾ. 1898ರ ಯುದ್ಧದಲ್ಲಿ ಸ್ಪೇನನ್ನು ಸೋಲಿಸಿದ ಅಮೆರಿಕದ ಸೈನ್ಯ ಅಲ್ಲಿ ಬೀಡುಬಿಟ್ಟಿತ್ತು. ಅವರನ್ನು ಕಾಡುತ್ತಿದ್ದದ್ದು ಹಳದಿ ಜ್ವರ. ಅದು ಸೊಳ್ಳೆಯಿಂದ ಹರಡುತ್ತದೆ ಅಂತ ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದರೂ ನಂಬಿದವರು ಕಡಿಮೆ. ಇದನ್ನು ಪರೀಕ್ಷಿಸಲು ಹೊರಟದ್ದು ಮೇಜರ್ ವಾಲ್ಟರ್ ರೀಡ್ ತಂಡ. ಪರೀಕ್ಷೆ ಅಂದರೆ ಮನುಷ್ಯರಿಗೇ ಸೊಳ್ಳೆ ಕಚ್ಚಿಸುವುದು! ಸೆಪ್ಟೆಂಬರ್‌ನಲ್ಲಿ ತಂಡದ ವೈದ್ಯ ಜೆಸ್ಸಿ ಲೇಜಿಯರ್ ಅದೇ ಜ್ವರಕ್ಕೆ ಬಲಿಯಾದರು.

ನವೆಂಬರ್‌ನಲ್ಲಿ ಅವರದೇ ಹೆಸರಿನ ಶಿಬಿರ ಶುರುವಾಯಿತು. ಸೈನಿಕರ ಜೊತೆಗೆ ಸ್ಪೇನಿನಿಂದ ಹೊಸದಾಗಿ ವಲಸೆ ಬಂದವರೂ ಮುಂದೆ ಬಂದರು. ಈ ವಲಸಿಗರಿಗಾಗಿ ಒಂದು ಕರಾರು ಪತ್ರ ತಯಾರಾಯಿತು, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ. ಭಾಗವಹಿಸಿದರೆ 100 ಡಾಲರ್ ಚಿನ್ನ, ಜ್ವರ ಬಂದರೆ ಇನ್ನೂ 100, ಜೊತೆಗೆ ಒಳ್ಳೆಯ ಚಿಕಿತ್ಸೆ. ಪ್ರಾಣಕ್ಕೆ ಅಪಾಯವಿದೆ ಅಂತಲೂ ಬರೆದಿತ್ತು. ಸಹಿ ಹಾಕುವವನ ಭಾಷೆಯಲ್ಲೇ ಅಪಾಯವನ್ನು ತಿಳಿಸಿದ್ದು ಆ ಕಾಲಕ್ಕೆ ದೊಡ್ಡ ಮಾತು. ಹಾಗಾಗಿಯೇ ವೈದ್ಯಕೀಯ ಇತಿಹಾಸದಲ್ಲಿ ಆ ಪತ್ರಕ್ಕೆ ಗೌರವ.

ಆದರೆ ಕಣ್ಣಿಟ್ಟು ಓದಿದರೆ ಬೇರೆಯದೂ ಕಾಣುತ್ತದೆ. ಅಪಾಯ 'ಸ್ವಲ್ಪ ಮಟ್ಟಿಗೆ' ಅಂತೆ. ದ್ವೀಪದಲ್ಲಿದ್ದರೆ ಜ್ವರ ಹೇಗಿದ್ದರೂ ತಪ್ಪದು, ಅದಕ್ಕೇ ಬೇಕೆಂದೇ ತಗುಲಿಸಿಕೊಳ್ಳುತ್ತೇನೆ ಅಂತ ಸಹಿ ಹಾಕುವವನ ಬಾಯಲ್ಲೇ ಹೇಳಿಸಿದ್ದಾರೆ. ಮಧ್ಯದಲ್ಲಿ ಶಿಬಿರ ಬಿಟ್ಟು ಹೋದರೆ ಹಣವಿಲ್ಲ. ಬಡ ವಲಸಿಗನಿಗೆ 'ಬೇಡ' ಅನ್ನುವುದು ಎಷ್ಟು ಸುಲಭವಿತ್ತು?

ರೀಡ್ ಶಿಬಿರದಲ್ಲಿ ಯಾರೂ ಸಾಯಲಿಲ್ಲ, ಸೊಳ್ಳೆಯ ಪಾತ್ರವೂ ಸಾಬೀತಾಯಿತು. ಆದರೆ 1901ರಲ್ಲಿ ಹವಾನಾದಲ್ಲಿ ಬೇರೆಯವರು ಇಂಥದ್ದೇ ಪ್ರಯೋಗ ಮಾಡಿದಾಗ ಮೂವರು ಸತ್ತರು. ಅವರಲ್ಲೊಬ್ಬರು ನರ್ಸ್ ಕ್ಲಾರಾ ಮಾಸ್. 'ಸ್ವಲ್ಪ ಮಟ್ಟಿಗೆ' ಅನ್ನೋದರ ನಿಜವಾದ ಅರ್ಥ ಆಗ ಗೊತ್ತಾಯಿತು.

ಇವತ್ತು ಕಂಪನಿಗಳು ಕೇಳುವುದು ನಮ್ಮ ಪ್ರಾಣವನ್ನಲ್ಲ, ಮಾಹಿತಿಯನ್ನು. ಆದರೂ ಅಳತೆಗೋಲು ಅದೇ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು. ಅಂದರೆ ಕನ್ನಡದಲ್ಲೂ! ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ವಾಪಸ್ ಪಡೆಯುವ ಹಾಗೂ ಇರಬೇಕು. ಭಾಷೆಯ ಪಾಠವನ್ನು 1900ರ ಪತ್ರ ಕಲಿಸಿತ್ತು. ಹೊರಬರುವ ಬಾಗಿಲಿನ ಪಾಠವನ್ನು ಅದು ಕಲಿಸಲಿಲ್ಲ.

ಕನ್ನಡದಲ್ಲಿ, ನಮ್ಮ ಅಜ್ಜಿಗೂ ಅರ್ಥವಾಗುವಂಥ ಒಪ್ಪಿಗೆ ಪತ್ರ ನಿಮಗೆಲ್ಲಾದರೂ ಸಿಕ್ಕಿದೆಯಾ? ಸಿಕ್ಕಿದ್ದರೆ ತಿಳಿಸಿ.