ಮೌನಕ್ಕೆ ಊರಿಟ್ಟ ಹೆಸರು

ನಮ್ಮ ಪರಂಪರೆ ಏಕಾಂತವನ್ನು ಗೌರವಿಸುತ್ತದೆ ಎನ್ನುವುದು ಅರ್ಧ ನಿಜ. ಕದಳಿಯ ದಾರಿ ಹಿಡಿದ ಅಕ್ಕಮಹಾದೇವಿಗೆ, ತಪಸ್ಸಿಗೆಂದು ಕಾಡು ಸೇರಿದ ಋಷಿಗೆ ನಾವು ಕೈಮುಗಿಯುತ್ತೇವೆ. ಅವರ ಏಕಾಂತಕ್ಕೊಂದು ಗುರಿಯಿದೆ. ಊರಿನಲ್ಲೇ ಇದ್ದು, ಕಾರಣ ಹೇಳದೆ ಸುಮ್ಮನಿರುವವರನ್ನು ಮಾತ್ರ ಊರು ಸುಮ್ಮನೆ ಬಿಡುವುದಿಲ್ಲ. ಗುಮ್ಮನಗುಸುಕ, ಮೂಗಿ, ಜಂಬಗಾತಿ ಎಂದು ಏನಾದರೊಂದು ಹೆಸರಿಡುತ್ತದೆ.

ಇಂಥವರ ಒಳಮನಸ್ಸಿಗೆ ಕನ್ನಡ ಕಾದಂಬರಿ ವಿಶೇಷವಾಗಿ ಕಿವಿಗೊಟ್ಟಿದ್ದು ನವ್ಯದ ಕಾಲದಲ್ಲಿ. 1965ರ ‘ಸಂಸ್ಕಾರ’ದಲ್ಲಿ ಅಗ್ರಹಾರ ಬಿಟ್ಟು ಹೊರಟ ಪ್ರಾಣೇಶಾಚಾರ್ಯರಿಗೆ ಒಬ್ಬರೇ ಇರಬೇಕೆನ್ನಿಸುತ್ತದೆ. ದಾರಿಯಲ್ಲಿ ಸಿಕ್ಕ ಪುಟ್ಟ ಬೆನ್ನು ಬಿಡುವುದಿಲ್ಲ. ಅವನು ಒಳ್ಳೆಯವನೇ, ಮನುಷ್ಯನೊಬ್ಬ ಒಂಟಿಯಾಗಿ ನಡೆಯಲು ಬಯಸಬಹುದೆಂದು ಅವನಿಗೆ ಹೊಳೆಯುವುದೇ ಇಲ್ಲ. 1979ರಲ್ಲಿ ಬಂದ ಯಶವಂತ ಚಿತ್ತಾಲರ ‘ಶಿಕಾರಿ’ಯ ಮುಂಬಯಿಯಲ್ಲಿ ಅಂಥ ಪುಟ್ಟನೂ ಇಲ್ಲ. ಬೆನ್ನಿಗೆ ನಿಲ್ಲುವ ಬಳಗವಿಲ್ಲದ ನಾಗಪ್ಪ ಕಂಪೆನಿಯೊಳಗಿನ ಸಂಚಿಗೆ ಸುಲಭದ ಬೇಟೆಯಾಗುತ್ತಾನೆ.

ಇವೆರಡರ ನಡುವೆ, 1968ರಲ್ಲಿ, ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಬಂತು. ನನಗೆ ಹೆಚ್ಚು ಮುಖ್ಯವೆನಿಸುವುದು ಈ ಕೃತಿ. ಬಾಲ್ಯದಲ್ಲೇ ವಿಧವೆಯಾದ ಮೂಕಜ್ಜಿಯ ಒಂಟಿತನ ಅವಳು ಆರಿಸಿಕೊಂಡದ್ದಲ್ಲ, ಸಮಾಜ ಹೊರಿಸಿದ್ದು. ಅವಳ ಮಾತು ಊರಿಗೆ ಅರಳುಮರಳು. ಮೊಮ್ಮಗ ಸುಬ್ಬರಾಯ ಮಾತ್ರ ಪಕ್ಕದಲ್ಲಿ ಕೂತು ಕೇಳುತ್ತಾನೆ. ಕೇಳುವವನೊಬ್ಬ ಸಿಕ್ಕಿದ್ದೇ ತಡ, ದೇವರು, ದಾಂಪತ್ಯ, ಕಾಮ ಎಲ್ಲದರ ಬಗ್ಗೆಯೂ ಅಜ್ಜಿ ಅಳುಕಿಲ್ಲದೆ ಮಾತಾಡುತ್ತಾಳೆ.

ಇದನ್ನು ಓದಿ ಮತ್ತೆ ‘ಸಂಸ್ಕಾರ’ಕ್ಕೆ ಬಂದರೆ ನನ್ನ ಗಮನ ಹೋಗುವುದು ಭಾಗೀರಥಿಯ ಕಡೆಗೆ, ಆಚಾರ್ಯರ ಹಾಸಿಗೆ ಹಿಡಿದ ಹೆಂಡತಿಯ ಕಡೆಗೆ. ಗಂಡನ ಒಳಗುದಿಗೆ ಪುಟಗಟ್ಟಲೆ ಜಾಗವಿದೆ. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಮಲಗಿದವಳ ಮನಸ್ಸಿನಲ್ಲಿ ಏನಿತ್ತೆಂದು ನಮಗೆ ಹೆಚ್ಚೇನೂ ತಿಳಿಯುವುದಿಲ್ಲ.

ಒಂಟಿ ಮನಸ್ಸಿಗೆ ನವ್ಯರು ಭಾಷೆ ಕೊಟ್ಟರು, ಅದು ದೊಡ್ಡ ಕೆಲಸ. ಆದರೆ ಆ ಮನಸ್ಸು ಬಹುಮಟ್ಟಿಗೆ ಓದಿಕೊಂಡ ಗಂಡಸಿನದು. ಸಮಾಜದ ತಕ್ಕಡಿಯೂ ಹಾಗೆಯೇ ಇದೆ: ಗಂಡಸು ಮಾತಾಡದಿದ್ದರೆ ಚಿಂತಕ, ಮನೆಗೆ ಬಂದ ಸೊಸೆ ಮಾತಾಡದಿದ್ದರೆ ಜಂಬಗಾತಿ. ಹಾಗಾಗಿ ಒಂಟಿ ನಾಯಕನ ಕಥೆ ಓದುವಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದೇ ಮನೆಯಲ್ಲಿ ಇನ್ನೂ ಯಾರು ಸುಮ್ಮನಿದ್ದಾರೆ?